ಒಡ್ಡು ತಂದ ಹಕ್ಕಿಗಳು

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಕಾವೇರಿ ತಾನಾಗಿ ಮಾಡಿದ್ದೆಂದು ಪ್ರವಾಸಿಗರು ತಿಳಿಯುವುದು ಸಹಜ. ಆದರೆ ಅಲ್ಲಿನ ನಡುಗಡ್ಡೆಗಳು ರೂಪುಗೊಂಡದ್ದು 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ್ ನದಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ. ಹಕ್ಕಿಗಳ ಯೋಚನೆ ಆಗ ಯಾರಿಗಿತ್ತು? ಸುತ್ತ ನೀರು, ನೀರಿನಲ್ಲಿ ಮೊಸಳೆ. ಮೊಟ್ಟೆ ಕದಿಯುವ ಪ್ರಾಣಿಗಳು ಸುಲಭವಾಗಿ ದಾಟಲಾರವು. ಕೊಕ್ಕರೆ, ಬೆಳ್ಳಕ್ಕಿ, ಚಮಚ ಕೊಕ್ಕಿನ ಹಕ್ಕಿಗಳು ಅಲ್ಲಿ ನೆಮ್ಮದಿಯಾಗಿ ಗೂಡು ಕಟ್ಟಿದವು.

ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಪಕ್ಷಿತಜ್ಞ ಸಲೀಂ ಅಲಿ ಇದನ್ನು ಕಂಡು ಅರಸರ ಮನವೊಲಿಸಿದರು. 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸರ್ ಪಟ್ಟಿಯನ್ನೂ ಸೇರಿತು. ಪಟ್ಟಿಯಿಂದ ಪ್ರವಾಹ ನಿಲ್ಲುವುದಿಲ್ಲ, ಅದು ಬೇರೆ ಮಾತು. ಮೇಲಿನ ಕೃಷ್ಣರಾಜಸಾಗರ ತುಂಬಿ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುತ್ತದೆ; ತಿಟ್ಟುಗಳು ಮುಳುಗಿ ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ.