ಮಾನವ ಹಕ್ಕುಗಳ ಪರಿಕಲ್ಪನೆ: ವಿಮರ್ಶೆಯ ಇತಿಹಾಸ

ಮಾನವ ಹಕ್ಕುಗಳ ಘೋಷಣೆಗಳಿಗೆ ಎಷ್ಟು ವಯಸ್ಸಾಗಿದೆಯೋ ಅವುಗಳ ಮೇಲಿನ ಆಕ್ಷೇಪಗಳಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಮನುಷ್ಯನ ಹಾಗೂ ನಾಗರಿಕನ ಹಕ್ಕುಗಳನ್ನು ಸಾರಿದ ಮರುವರ್ಷವೇ ಎಡ್ಮಂಡ್ ಬರ್ಕ್ ಅದನ್ನು ಖಂಡಿಸಿ ಬರೆದ. ಹಕ್ಕುಗಳು ಆಯಾ ನಾಡಿನ ಪರಂಪರೆಯಿಂದ ಪಿತ್ರಾರ್ಜಿತದಂತೆ ಬರುವವು ಎಂಬುದು ಅವನ ನಿಲುವು. ಕಾನೂನಿಗೂ ಮೊದಲೇ ಹಕ್ಕು ಇತ್ತೆಂಬ ಮಾತಿಗೆ ಅರ್ಥವೇ ಇಲ್ಲವೆಂದು ಜೆರೆಮಿ ಬೆಂಥಮ್ ವಾದಿಸಿದ.

ಇವರಿಬ್ಬರಿಗಿಂತ ಮೊನಚಾಗಿದ್ದುದು ಘೋಷಣೆಯಿಂದ ಹೊರಗುಳಿದವರ ಪ್ರಶ್ನೆ. ಒಲಾಂಪ್ ದ ಗೂಜ್ 1791ರಲ್ಲಿ ಅದರ 17 ವಿಧಿಗಳನ್ನೂ ಹೆಣ್ಣನ್ನು ಒಳಗೊಳ್ಳುವಂತೆ ತಿದ್ದಿ ಬರೆದಳು. ವಧಾಸ್ಥಾನದ ಮೆಟ್ಟಿಲು ಹತ್ತಬಲ್ಲ ಹೆಣ್ಣಿಗೆ ಸಭೆಯ ವೇದಿಕೆ ಏರುವ ಹಕ್ಕೂ ಇರಬೇಕೆಂದು ಹತ್ತನೆಯ ವಿಧಿಯಲ್ಲಿ ಕೇಳಿದ್ದ ಆಕೆಯ ತಲೆಯನ್ನು 1793ರ ನವೆಂಬರ್‌ನಲ್ಲಿ ಕಡಿಯಲಾಯಿತು. ಫ್ರೆಂಚ್ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1944ರಲ್ಲಿ. ಆಗ ಫ್ರಾನ್ಸಿನ ವಸಾಹತಾಗಿದ್ದ ಇಂದಿನ ಹೈಟಿಯಲ್ಲಿ 1791ರಲ್ಲಿ ದಂಗೆಯೆದ್ದ ಗುಲಾಮರಿಂದಾಗಿ ಫ್ರಾನ್ಸ್ 1794ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತಾದರೂ 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ಊರ್ಜಿತಗೊಳಿಸಿದ.

ಈ ಹಕ್ಕುಗಳು ಆಸ್ತಿವಂತನ ಸ್ವಾರ್ಥಕ್ಕೆ ಹಾಕಿದ ಬೇಲಿ ಎಂಬ ಟೀಕೆ ಕಾರ್ಲ್ ಮಾರ್ಕ್ಸ್‌ನ 1844ರ ಪ್ರಬಂಧದಲ್ಲಿದೆ. ಹನ್ನಾ ಅರೆಂಟ್ 1951ರಲ್ಲಿ ಎತ್ತಿದ ಪ್ರಶ್ನೆ ಇವೆಲ್ಲಕ್ಕಿಂತ ಆಳವಾದದ್ದು. ನಾಜಿ ಜರ್ಮನಿಯಿಂದ ಓಡಿಬಂದು ವರ್ಷಗಟ್ಟಲೆ ಯಾವ ದೇಶದ ಪೌರತ್ವವೂ ಇಲ್ಲದೆ ಬದುಕಿದ್ದ ಆಕೆಗೆ ಒಂದು ಸಂಗತಿ ಸ್ಪಷ್ಟವಾಗಿತ್ತು: ಪೌರತ್ವ ಕಳೆದುಕೊಂಡು ಬರಿಯ ಮನುಷ್ಯನಾಗಿ ಉಳಿದವನಿಗೇ ಮಾನವ ಹಕ್ಕು ಸಿಗುವುದಿಲ್ಲ.

ವಿಶ್ವಸಂಸ್ಥೆಯ ಸಾರ್ವತ್ರಿಕ ಘೋಷಣೆ 1948ರ ಡಿಸೆಂಬರ್ 10ರಂದು ಅಂಗೀಕಾರವಾದಾಗ 48 ದೇಶಗಳು ಪರವಾಗಿದ್ದವು, 8 ತಟಸ್ಥವಾಗಿದ್ದವು. ಕರಡಿನ ಮೊದಲ ವಿಧಿ 'ಎಲ್ಲ ಪುರುಷರು' ಎಂದೂ ಓದಿಕೊಳ್ಳಬಹುದಾದ ಇಂಗ್ಲಿಷ್ ಪದಗಳಿಂದ ಶುರುವಾಗುತ್ತಿತ್ತು. ಅಲ್ಲಿ 'ಎಲ್ಲ ಮಾನವರು' ಎಂದೇ ಆಗಬೇಕೆಂದು ಪಟ್ಟುಹಿಡಿದವರು ಭಾರತದ ಹಂಸಾ ಮೆಹ್ತಾ. ಒಂದು ಪದದ ಈ ತಿದ್ದುಪಡಿಯೂ ವಿಮರ್ಶೆಯೇ.

ಪಶ್ಚಿಮದ ಮೌಲ್ಯಗಳನ್ನು ಜಗತ್ತಿನ ಮೇಲೆ ಹೇರಲಾಗುತ್ತಿದೆ ಎಂಬ ಶಂಕೆಯನ್ನು ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ 1947ರಲ್ಲೇ ವ್ಯಕ್ತಪಡಿಸಿತ್ತು. 1993ರ ಬ್ಯಾಂಕಾಕ್ ಘೋಷಣೆಯಲ್ಲಿ ಏಷ್ಯಾದ ಸರ್ಕಾರಗಳು ಪ್ರಾದೇಶಿಕ ವೈಶಿಷ್ಟ್ಯದ ಮಾತೆತ್ತಿದವು. ಸರ್ಕಾರಗಳ ಬಾಯಲ್ಲಿ ಈ ವಾದ ಹಲವು ಸಲ ತಮ್ಮದೇ ಪ್ರಜೆಗಳ ದನಿ ಅಡಗಿಸುವ ನೆಪವಾಗಿದೆ. ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ 2001ರಲ್ಲಿ ಡರ್ಬನ್‌ನಲ್ಲಿ ನಡೆಸಿದ ಸಮ್ಮೇಳನದಲ್ಲಿ ಜಾತಿ ತಾರತಮ್ಯವನ್ನೂ ಚರ್ಚೆಗೆ ತರಬೇಕೆಂದು ದಲಿತ ಸಂಘಟನೆಗಳು ಒತ್ತಾಯಿಸಿದವು. ಜಾತಿ ಜನಾಂಗವಲ್ಲ ಎಂದು ಭಾರತ ಸರ್ಕಾರ ವಿರೋಧಿಸಿತು. ಅಂತಿಮ ಘೋಷಣೆಯಲ್ಲಿ ಜಾತಿ ಎಂಬ ಪದ ಬರಲಿಲ್ಲ.