ಬ್ರಿಜಿಡ್ ಎಂಬ ಹೆಸರು

ರಾಜರಿಗಿದ್ದಂತೆ ಹೆಣ್ಣುಮಕ್ಕಳ ಹೆಸರುಗಳಿಗೂ ಚರಿತ್ರೆಯಿದೆ. ಬರೆದಿಟ್ಟವರು ಕಡಿಮೆ, ಅಷ್ಟೆ. ನಾನು ಬೆನ್ನುಹತ್ತಿದ್ದು ಐರ್ಲೆಂಡಿನ ‘ಬ್ರಿಜಿಡ್’ ಎಂಬ ಹೆಸರನ್ನು. ಎಲ್ಲಿಯ ಐರ್ಲೆಂಡ್, ಎಲ್ಲಿಯ ನಾವು ಎನ್ನಬೇಡಿ. ಭಾಷಾತಜ್ಞರು ಅದರ ಬೇರು ಹುಡುಕುತ್ತ ಹೋಗಿ ನಿಂತದ್ದು ಸಂಸ್ಕೃತದ ‘ಬೃಹತೀ’ ಎಂಬ ಪದದ ಪಕ್ಕದಲ್ಲಿ. ಎರಡೂ ಒಂದೇ ಮೂಲದವು. ಅರ್ಥವೂ ಹತ್ತಿರದ್ದೇ: ಎತ್ತರದವಳು, ಉನ್ನತಳು. ನಾವು ದಿನಾ ಆಡುವ ‘ಬೃಹತ್’ ಕೂಡ ಅದೇ ಬಳಗದ್ದು.

ಈ ಹೆಸರು ಮೊದಲು ಒಬ್ಬ ದೇವಿಯದು. ಕ್ರಿ.ಶ. 900ರ ಸುಮಾರಿನ ಐರಿಷ್ ನಿಘಂಟೊಂದು ಅವಳನ್ನು ಕವಿಗಳು ಪೂಜಿಸುವ ದೇವತೆ ಎನ್ನುತ್ತದೆ. ಅದೇ ಹೆಸರಿನ ಇಬ್ಬರು ಸೋದರಿಯರು ಅವಳಿಗೆ. ಒಬ್ಬಳು ವೈದ್ಯಕ್ಕೆ, ಇನ್ನೊಬ್ಬಳು ಕಮ್ಮಾರಿಕೆಗೆ. ಆಮೇಲೆ ಇದೇ ಹೆಸರು ಕಿಲ್ಡೇರ್‌ನಲ್ಲಿ ಮಠ ಕಟ್ಟಿದ ಕ್ರೈಸ್ತ ಸಂತಳದ್ದಾಯಿತು. ಅಲ್ಲಿ 19 ಸನ್ಯಾಸಿನಿಯರು ಸರದಿಯಂತೆ ಆರದ ಬೆಂಕಿಯೊಂದನ್ನು ಕಾಯುತ್ತಿದ್ದರೆಂದೂ 20ನೆಯ ರಾತ್ರಿಯನ್ನು ಬ್ರಿಜಿಡ್‌ಳಿಗೇ ಬಿಡುತ್ತಿದ್ದರೆಂದೂ 12ನೆಯ ಶತಮಾನದಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಬರೆದಿದ್ದಾನೆ.

ಭಕ್ತಿಯ ಜೊತೆ ಹೆಸರೂ ಊರೂರು ತಿರುಗಿತು. ಇಂಗ್ಲಿಷಿನಲ್ಲಿ ಬ್ರಿಜೆಟ್, ಫ್ರೆಂಚಿನಲ್ಲಿ ಬ್ರಿಜೀತ್, ಸ್ವೀಡನ್ನಿನಲ್ಲಿ ಬಿರ್ಗಿಟ್ಟಾ. ಐರಿಷ್ ಬಾಯಲ್ಲಿ ನಡುವಿನ ಅಕ್ಷರ ಸವೆದು ‘ಬ್ರೀಡ್’ ಆಯಿತು. ಮುದ್ದಿಗೆ ಬ್ರೈಡಿ, ಬಿಡ್ಡಿ. ಮ್ಯಾಕ್‌ಬ್ರೈಡ್ ಎಂಬ ಮನೆತನದ ಹೆಸರಿಗೆ ‘ಬ್ರಿಜಿಡ್‌ಳ ದಾಸನ ಮಗ’ ಎಂದರ್ಥ.

ಇಷ್ಟು ಎತ್ತರದ ಹೆಸರು ಕೆಳಗಿಳಿದ ಕಥೆಯೇ ನನ್ನನ್ನು ಕಾಡಿದ್ದು. 1845ರಲ್ಲಿ ಆಲೂಗೆಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಭೀಕರ ಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿದರು. ಆಗಲೂ ಆಮೇಲಿನ ವರ್ಷಗಳಲ್ಲೂ ಮದುವೆಯಾಗದ ಎಷ್ಟೋ ಹುಡುಗಿಯರು ಒಂಟಿಯಾಗಿ ಅಮೆರಿಕಕ್ಕೆ ಹೋಗಿ, ಸಿರಿವಂತರ ಮನೆಗಳಲ್ಲಿ ಅಡುಗೆ, ಮುಸುರೆಗೆ ನಿಂತರು. ಅವರ ನಿಜವಾದ ಹೆಸರು ಯಾರಿಗೆ ಬೇಕಿತ್ತು? ಐರಿಷ್ ಕೆಲಸದಾಕೆ ಎಂದರೆ ‘ಬ್ರಿಜೆಟ್’, ಇಲ್ಲವೆ ‘ಬಿಡ್ಡಿ’. ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದು ನಕ್ಕವು. ಆ ನಗೆ ತಾಳಲಾರದೆ ಎಷ್ಟೋ ಬ್ರಿಜೆಟ್‌ಗಳು ಡೀಲಿಯಾ, ಬರ್ತಾ ಎಂದು ಹೆಸರು ಬದಲಿಸಿಕೊಂಡರು. ಅವರು ಕಳಿಸಿದ ದುಡ್ಡಿನಲ್ಲೇ ತಮ್ಮ ತಂಗಿಯರು ಹಡಗಿನ ಟಿಕೆಟ್ ಕೊಂಡರು, ಊರಿನ ಮನೆಯ ಬಾಡಿಗೆ ಸಂದಿತು.

ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿಕೊಂಡ ಹೆಂಗಸರನ್ನು ನೋಡಿ ಬೆಳೆದವಳು ನಾನು. ಹೆಸರು ಕಳೆದುಕೊಳ್ಳುವುದೆಂದರೇನು ಎಂದು ನನಗೆ, ಬಹುಶಃ ನಿಮಗೂ, ಯಾರೂ ಹೇಳಿಕೊಡಬೇಕಿಲ್ಲ.

2023ರಿಂದ ಐರ್ಲೆಂಡಿನಲ್ಲಿ ಫೆಬ್ರವರಿ ಮೊದಲಲ್ಲಿ ಬ್ರಿಜಿಡ್‌ಳ ಹೆಸರಿನಲ್ಲಿ ಸಾರ್ವಜನಿಕ ರಜೆಯಿದೆ. ಹೆಣ್ಣೊಬ್ಬಳ ಹೆಸರಿನಲ್ಲಿ ಆ ದೇಶ ಕೊಟ್ಟ ಮೊದಲ ರಜೆ ಅದು. ದೇವಿಗೂ ಸಂತಳಿಗೂ ಆ ಗೌರವ ಸಲ್ಲಲಿ. ಅದರಲ್ಲೊಂದು ಪಾಲು, ಪರರ ಅಡುಗೆಮನೆಯಲ್ಲಿ ಆ ಹೆಸರಿನ ಭಾರ ಹೊತ್ತವರಿಗೂ ಸಲ್ಲಬೇಕು.