ಲಕ್ಕುಂಡಿಗೆ ಇನ್ನೊಮ್ಮೆ

ಮದುವೆಯಾದ ಹೊಸದರಲ್ಲಿ ಗದಗಿನ ಬಳಿಯ ಲಕ್ಕುಂಡಿಗೆ ಹೋಗಿದ್ದೆವು. ಬಸ್ಸಿನ ಗಡಿಬಿಡಿಯಲ್ಲಿ ಬ್ರಹ್ಮ ಜಿನಾಲಯದ ಕಂಬಗಳನ್ನು ಮುಟ್ಟಿ ನೋಡಿ ಹೊರಬಂದೆ. ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ಸೋದರತ್ತೆ ‘ನನಗ್ಯಾಕಮ್ಮ ಇದೆಲ್ಲ’ ಎಂದು ಮೆಟ್ಟಿಲ ಮೇಲೇ ಕುಳಿತಿದ್ದರು.

ಆ ಬಸದಿಯನ್ನು 1007ರಲ್ಲಿ ಕಟ್ಟಿಸಿದವಳೂ ಒಬ್ಬ ವಿಧವೆಯೇ ಎಂದು ಆಮೇಲೆ ಓದಿದೆ. ಅವಳೇ ಅತ್ತಿಮಬ್ಬೆ. ಗಂಡ ನಾಗದೇವ ತೀರಿಕೊಂಡಾಗ, ಸವತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಪೊನ್ನನ ‘ಶಾಂತಿಪುರಾಣ’ಕ್ಕೆ 1000 ಓಲೆಪ್ರತಿ ಮಾಡಿಸಿ ಹಂಚಿದಳು. 993ರಲ್ಲಿ ರನ್ನ ‘ಅಜಿತಪುರಾಣ’ ಬರೆದದ್ದು ಅವಳ ಆಶ್ರಯದಲ್ಲೇ. ನಾಡು ಅವಳನ್ನು ದಾನಚಿಂತಾಮಣಿ ಎಂದಿತು.

ಅತ್ತೆಗೀಗ 80. ಅವರ ಕೈಹಿಡಿದು ಲಕ್ಕುಂಡಿಗೆ ಇನ್ನೊಮ್ಮೆ ಹೋಗಬೇಕು. ಮೆಟ್ಟಿಲ ಮೇಲೆ ಕೂರಲು ಬಿಡದೆ ಒಳಗೆ ಕರೆದೊಯ್ದು, ‘ಇದನ್ನು ಕಟ್ಟಿಸಿದ್ದು ನಿಮ್ಮಂಥವಳೇ, ಅತ್ತೆ’ ಎನ್ನಬೇಕು.